ಕಿರುನಾಲಿಗೆ

"ತಾಯಿ ಯಾರು? ಮುಂದೆ ಬಂದು ಕೈ ಹಿಡ್ಕೊಳ್ಳಿ" ಎಂದಳು ರಕ್ತ ತೆಗೆಯುವ ಹುಡುಗಿ, ಅಕ್ಷತಳ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತ, ತಲೆ ಎತ್ತದೆ. ಸೊಣ್ಣಮ್ಮನ ಕೈ ಆಗಲೇ ಮಗುವಿನ ಮೊಣಕೈ ಕೆಳಗಿತ್ತು. ಯಾರೂ ಹೇಳದೆ, ಯಾರನ್ನೂ ಕೇಳದೆ ತಾನಾಗಿ ಹೋಗಿ ಕೂತಿದ್ದ ಕೈ. ಈಗ ಅದನ್ನು ತೆಗೆಯಬೇಕೋ ಇಟ್ಟುಕೊಂಡಿರಬೇಕೋ ತಿಳಿಯದೆ ಅವಳು ಹಾಗೇ ನಿಂತಳು. "ಸ್ವಲ್ಪ ಜಾಗ ಬಿಡ್ತೀರಾ ಅಕ್ಕ" ಎಂದು ಹಿಂದಿನಿಂದ ಭಾನುಪ್ರಿಯಾ ಮೆತ್ತಗೆ ಹೇಳಿದಳು. ಮೆತ್ತಗೆ ಹೇಳಿದ್ದೇ ಸೊಣ್ಣಮ್ಮನಿಗೆ ಉರಿಯಿತು. ಗದರಿದ್ದರೆ ಮುಖ ಊದಿಸಿಕೊಂಡು ಪಕ್ಕಕ್ಕೆ ಸರಿಯಬಹುದಿತ್ತು, ಊರಿಗೆ ಹೋದ ಮೇಲೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು. ಮೆತ್ತಗೆ ಮಾತಾಡಿದವಳ ಮೇಲೆ ಏನೆಂದು ದೂರುವುದು? ಅವಳು ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಒರೆಸಿಕೊಳ್ಳುವಂಥದ್ದೇನೂ ಆ ಕೈಯಲ್ಲಿ ಇರಲಿಲ್ಲ, ಬೆಳಗ್ಗೆ ಅವರೆಕಾಯಿ ಸುಲಿದ ಸೊಗಡೊಂದು ಬಿಟ್ಟು. ಮಗುವಿಗೆ ಇಷ್ಟವೆಂದು ಹಿತುಕಿದಬೇಳೆ ಸಾರು ಮಾಡಿ, ಅನ್ನ ಕಲಸಿ, ಡಬ್ಬಿಗೆ ತುಂಬಿಕೊಂಡು ಬಂದಿದ್ದಳು. ಡಬ್ಬಿ ಇನ್ನೂ ಚೀಲದಲ್ಲೇ ಬೆಚ್ಚಗೆ ಕೂತಿತ್ತು. ಸೂಜಿ ಚುಚ್ಚಿದಾಗ ಮಗು ಮುಖವನ್ನು ಭಾನುಪ್ರಿಯಾಳ ಹೊಟ್ಟೆಗೆ ಒತ್ತಿಕೊಂಡಿತು. ಸೀಸೆಯೊಳಗೆ ಇಳಿಯುತ್ತಿದ್ದ ರಕ್ತವನ್ನು ಸೊಣ್ಣಮ್ಮ ದೂರದಿಂದ ನೋಡಿದಳು. ಆ ರಕ್ತ ಊರಿದ್ದು ತನ್ನ ಅಡುಗೆಮನೆಯ ರಾಗಿಯಿಂದ, ತನ್ನ ಹಸುವಿನ ಹಾಲಿನಿಂದ ಎಂದು ಆ ಹುಡುಗಿಗೆ ಯಾರು ಹೇಳುತ್ತಾರೆ.

ಭಾನುಪ್ರಿಯಾ ಅವಳ ಮೈದುನ ಜಯಕುಮಾರನ ಹೆಂಡತಿ. ಸಮೇತನಹಳ್ಳಿಯಲ್ಲಿ ಅಣ್ಣತಮ್ಮಂದಿರದು ಒಂದೇ ಗೋಡೆಗೆ ಆತುಕೊಂಡ ಎರಡು ಮನೆ. ಅಕ್ಷತ ಆ ಗೋಡೆಯ ಆಚೆ ಹುಟ್ಟಿ ಈಚೆ ಬೆಳೆದ ಮಗು. ಜಯಕುಮಾರ ಲಾರಿ ಹತ್ತಿದರೆ ವಾರಗಟ್ಟಲೆ ಚೆನ್ನೈ ದಾರಿಯಲ್ಲೇ ಇರುತ್ತಾನೆ. ಭಾನುಪ್ರಿಯಾ ಹೆದ್ದಾರಿ ಪಕ್ಕದ ದೊಡ್ಡ ಗೋಡೌನಿನಲ್ಲಿ ಸೂಪರ್‌ವೈಸರ್, ಕೊರಳಿಗೆ ನೀಲಿ ದಾರದಲ್ಲಿ ಫೋಟೋ ನೇತುಹಾಕಿಕೊಂಡು ಕಂಪನಿ ಬಸ್ಸು ಹತ್ತುತ್ತಾಳೆ. ಮಗು ಮಾತು ಕಲಿತಾಗ ಮೊದಲು 'ಅಮ್ಮ' ಎಂದದ್ದು ಸೊಣ್ಣಮ್ಮನನ್ನು. ಹೆತ್ತವಳು ಬಸ್ಸಿಳಿದು ಬಂದು "ಮಮ್ಮಿ ಬಂದ್ಲು, ಮಮ್ಮಿ ಬಂದ್ಲು" ಎಂದು ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದುದರಿಂದ ಅವಳು ಮಮ್ಮಿಯೇ ಆದಳು. ಇಬ್ಬರಿಗೂ ಒಂದೊಂದು ಹೆಸರು ಸಿಕ್ಕಿತ್ತು, ಯಾರಿಗೂ ತೊಂದರೆ ಇರಲಿಲ್ಲ. ಸ್ಕೂಲಿಗೆ ಸೇರಿಸುವ ಹಿಂದಿನ ದಿನ ಭಾನುಪ್ರಿಯಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಮಿಸ್ಸು ಕೇಳಿದ್ರೆ ತಪ್ಪು ಹೇಳ್ಬಾರ್ದು ಪುಟ್ಟಿ. ಇವ್ರು ದೊಡ್ಡಮ್ಮ. ಎಲ್ಲಿ ಹೇಳು, ದೊಡ್ಡಮ್ಮ" ಎಂದು ಹೇಳಿಸಿದಳು. ಮಗು ಪದ್ಯ ಒಪ್ಪಿಸುವ ಹಾಗೆ ಒಪ್ಪಿಸಿತು. ಸೊಣ್ಣಮ್ಮ ನಕ್ಕಳು, ಜಾಣೆ ಜಾಣೆ ಎಂದಳು, ಹಾಲು ಉಕ್ಕಿಹೋಯಿತೇನೋ ಎಂದು ಅಡುಗೆಮನೆಗೆ ಹೋದಳು. ಒಲೆ ಹಚ್ಚಿಯೇ ಇರಲಿಲ್ಲ. ಅವಳಿಗೆ ಮಕ್ಕಳಿಲ್ಲ ಎಂದೂ ಅಲ್ಲ. ಅಮರ್ ಇದ್ದಾನೆ, ಎತ್ತರದ ಆಳು, ಮಾಲೂರಿನಲ್ಲಿ ಹೆಂಡತಿಯ ತವರಿನ ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದಾನೆ, ಫೋನು ಮಾಡಿದರೆ ಊಟ ಆಯ್ತು ಎನ್ನುತ್ತಾನೆ. ಮಕ್ಕಳೇ ಇಲ್ಲದಿದ್ದರೆ ಊರು ಅಯ್ಯೋ ಪಾಪ ಎಂದಾದರೂ ಅಂದಿರುತ್ತಿತ್ತು. ಇದ್ದೂ ಇನ್ನೊಬ್ಬಳ ಮಗುವಿಗಾಗಿ ಹೊಟ್ಟೆ ಉರಿದುಕೊಳ್ಳುವವಳಿಗೆ ಏನು ಹೆಸರು ಎಂದು ಸೊಣ್ಣಮ್ಮನಿಗೆ ಗೊತ್ತಿತ್ತು. ಅದಕ್ಕೇ ಅವಳು ಯಾರ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ.

ಮಗುವಿಗೆ ಮೊದಲು ಊದಿದ್ದು ಬಲ ಮಂಡಿ. ಎಲ್ಲೋ ಬಿದ್ದಿರಬೇಕು ಎಂದುಕೊಂಡರು. ಅದು ಇಳಿಯುವ ಹೊತ್ತಿಗೆ ಎಡಗಾಲಿನ ಹರಡು ಕೆಂಪಾಗಿ ಬಿಸಿಯಾಯಿತು, ಅದು ಇಳಿಯುವ ಮೊದಲೇ ಮೊಣಕೈ. ನೋವು ಒಂದು ಕಡೆ ನಿಲ್ಲದೆ ಬಾಡಿಗೆಯವರ ಹಾಗೆ ಮನೆ ಬದಲಾಯಿಸುತ್ತಿತ್ತು, ಜೊತೆಗೆ ಬಿಟ್ಟೂ ಬಿಡದ ಜ್ವರ. ಇವತ್ತು ಭಾನುಪ್ರಿಯಾ ರಜೆ ಹಾಕಿ ಹೊಸಕೋಟೆಯ ಈ ಮಕ್ಕಳ ಆಸ್ಪತ್ರೆಗೆ ಕರೆತಂದಿದ್ದಳು, "ನೀವು ಯಾಕಕ್ಕ ಸುಮ್ನೆ, ತೋಟದ ಕೆಲ್ಸ ಬಿಟ್ಟು" ಎಂದರೂ ಸೊಣ್ಣಮ್ಮ ಆಟೋ ಹತ್ತಿ ಕೂತಿದ್ದಳು. ಡಾಕ್ಟರು ಶ್ರೀಧರ್ ಎಂಬ ಕನ್ನಡಕದ ಮನುಷ್ಯ. ರಕ್ತ ಪರೀಕ್ಷೆಗೆ ಕಳಿಸುವ ಮೊದಲು ಕೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು, ಆಮೇಲೆ ಮಗುವಿನ ಎದೆಯ ಮೇಲೆ ಆ ತಣ್ಣನೆಯ ಬಿಲ್ಲೆ ಇಟ್ಟು ಬಹಳ ಹೊತ್ತು ಕೇಳಿದರು. ಅಷ್ಟು ಹೊತ್ತು ಕೇಳಬೇಕಾದದ್ದು ಆ ಪುಟ್ಟ ಎದೆಯಲ್ಲಿ ಏನಿದೆ ಎಂದು ಸೊಣ್ಣಮ್ಮ ಅವರ ಮುಖವನ್ನೇ ನೋಡಿದಳು. "ಈ ಒಂದು ತಿಂಗಳ ಒಳಗೆ ಮಗೂಗೆ ಗಂಟಲು ನೋವೇನಾದ್ರೂ ಬಂದಿತ್ತಾ?" ಎಂದು ಅವರು ಕೇಳಿದರು. ಕೇಳಿದ್ದು ತಾಯಿಯನ್ನು. ಕುರ್ಚಿ ಇದ್ದದ್ದು ಒಂದೇ, ಅದರಲ್ಲಿ ಕೂತಿದ್ದವಳು ಭಾನುಪ್ರಿಯಾ. "ಇಲ್ಲ ಸಾರ್, ಗಂಟಲು ನೋವು ಬಂದಿಲ್ಲ. ಬಂದಿದ್ರೆ ಅವತ್ತೇ ಕರ್ಕೊಂಡ್ ಬಂದ್ಬಿಡ್ತಿದ್ದೆ" ಎಂದಳು ಅವಳು, ತಡವರಿಸದೆ. ಬಾಗಿಲ ಹತ್ತಿರ ಮಗುವಿನ ಚಪ್ಪಲಿ ಹಿಡಿದುಕೊಂಡು ನಿಂತಿದ್ದ ಸೊಣ್ಣಮ್ಮನ ನಾಲಿಗೆ ತುದಿಗೆ ಒಂದು ಮಾತು ಬಂತು. ಬಂದದ್ದು ಅಲ್ಲೇ ನಿಂತಿತು. ನನ್ನನ್ನು ಕೇಳಲಿ, ಎಂದುಕೊಂಡಳು. ಮಗುವಿನ ಮೈ ಬಲ್ಲವಳು ಯಾರು ಅಂತ ಒಂದು ಸಲ ತಿರುಗಿ ನೋಡಲಿ. ಅವಳಿಗೆ ಗೊತ್ತಿಲ್ಲ ಅನ್ನೋದು ಒಂದು ಸಲ ಬಯಲಿಗೆ ಬರಲಿ.

ಡಾಕ್ಟರು ತಿರುಗಿ ನೋಡಲಿಲ್ಲ. ಅವರು ಭಾನುಪ್ರಿಯಾಳಿಗೆ ವಿವರಿಸುತ್ತಿದ್ದರು. ಗಂಟಲಿಗೆ ಬರುವ ಕೀಟಾಣುಗಳಲ್ಲಿ ಒಂದು ಜಾತಿ ಇದೆಯಂತೆ. ಗಂಟಲು ತಾನಾಗಿ ವಾಸಿಯಾಗಿಬಿಡುತ್ತದಂತೆ, ಎಲ್ಲರೂ ಮರೆತೂ ಬಿಡುತ್ತಾರಂತೆ, ಆದರೆ ಅದರ ಮೇಲೆ ಯುದ್ಧಕ್ಕೆಂದು ಮೈ ತಯಾರು ಮಾಡಿಕೊಂಡದ್ದು ಕೆಲವು ವಾರದ ಮೇಲೆ ತಿರುಗಿ ತನ್ನ ಕೀಲುಗಳ ಮೇಲೇ ಬೀಳುತ್ತದಂತೆ, ಹೃದಯದ ಮೇಲೆ ಬೀಳುತ್ತದಂತೆ. "ಕೀಲು ಬಿಡಿ, ಸರಿಹೋಗುತ್ತೆ. ಹೃದಯದ ಕವಾಟಕ್ಕೆ ಏಟು ಬಿದ್ರೆ ಜೀವಮಾನ ಪೂರ್ತಿ ಹೋಗಲ್ಲ. ಈಗ ಕೀಟಾಣು ಇರಲ್ಲಮ್ಮ, ಆದ್ರೆ ಬಂದು ಹೋಗಿದ್ರೆ ರಕ್ತದಲ್ಲಿ ಗುರುತು ಬಿಟ್ಟಿರುತ್ತೆ. ಎ.ಎಸ್.ಓ. ಅಂತ ಒಂದು ಟೆಸ್ಟು, ಮಾಡಿಸ್ಕೊಂಡ್ ಬನ್ನಿ." ಎ.ಎಸ್.ಓ. ಎಂದದ್ದು ಸೊಣ್ಣಮ್ಮನಿಗೆ ಯಾವುದೋ ಪೊಲೀಸ್ ಸಾಹೇಬರ ಹುದ್ದೆಯ ಹಾಗೆ ಕೇಳಿಸಿತು. ಹೋದ ತಿಂಗಳು ಮನೆಯಲ್ಲಿ ನಡೆದದ್ದನ್ನು ರಕ್ತವನ್ನು ನಿಲ್ಲಿಸಿ ಕೇಳುತ್ತಾರೆ, ರಕ್ತ ಹೇಳಿಬಿಡುತ್ತದೆ. ಊರಲ್ಲಿ ನಾಟಿ ಮದ್ದು ಮಾಡುವ ಪಾಪಕ್ಕನ ಹೆಬ್ಬೆರಳೂ ಅದರಲ್ಲಿ ಕಾಣುತ್ತದೋ ಏನೋ.

ಹೋದ ತಿಂಗಳು, ಕಾರ್ತಿಕದ ಕೊನೆಯ ವಾರ. ಗೋಡೌನಿನಲ್ಲಿ ಯಾವುದೋ ಸೇಲು ಎಂದು ಭಾನುಪ್ರಿಯಾಳಿಗೆ ಡಬಲ್ ಶಿಫ್ಟು, ಮಗು ಈಚೆ ಮನೆಯಲ್ಲೇ ಮಲಗುತ್ತಿತ್ತು. "ನುಂಗಕ್ಕೆ ಆಗ್ತಿಲ್ಲ ದೊಡ್ಡಮ್ಮ" ಎಂದು ತಟ್ಟೆ ತಳ್ಳಿತು. ಸೊಣ್ಣಮ್ಮ ಮೊಬೈಲಿನ ಬೆಳಕು ಬಿಟ್ಟು ಬಾಯಿ ತೆಗೆಸಿ ನೋಡಿದಳು. ಒಳಗೆಲ್ಲ ಕೆಂಪು, ಕಿರುನಾಲಿಗೆ ಊದಿ ಜೋತುಬಿದ್ದಿತ್ತು. ಕಿರುನಾಲಿಗೆ ಬಿದ್ದಿದೆ ಎಂದರೆ ಆ ಊರಿನಲ್ಲಿ ಅದು ಕಾಯಿಲೆಯಲ್ಲ. ಬಿದ್ದದ್ದನ್ನು ಎತ್ತಿಸಬೇಕು, ಅಷ್ಟೆ. ಗಂಟಲು ನೋವಿಗೆ ಡಾಕ್ಟರು, ಬಿದ್ದ ಕಿರುನಾಲಿಗೆಗೆ ಪಾಪಕ್ಕ. ಎರಡೂ ಬೇರೆ ಬೇರೆ ದಾರಿ. ಒಂದರ ಸುದ್ದಿಯನ್ನು ಇನ್ನೊಂದರಲ್ಲಿ ಯಾರೂ ಎತ್ತುವುದಿಲ್ಲ. ಪಾಪಕ್ಕ ಮಗುವನ್ನು ಮಂಡಿಗಳ ಮಧ್ಯೆ ಕೂರಿಸಿಕೊಂಡು, ಹೆಬ್ಬೆರಳಿಗೆ ಉಪ್ಪು ಮೆಣಸಿನ ಪುಡಿ ಮೆತ್ತಿಕೊಂಡು ಒಳಗೆ ಒತ್ತಿದಳು. ಆಮೇಲೆ ನೆತ್ತಿಯ ನಾಲ್ಕು ಕೂದಲನ್ನು ಬೆರಳಿಗೆ ಸುತ್ತಿ ಟಕ್ಕೆಂದು ಜಗ್ಗಿದಳು. "ಎದ್ದೋಯ್ತು ಬಿಡು. ನಾಳಿಕ್ಕೆ ಮುದ್ದೆ ನುಂಗ್ತಾಳೆ ನೋಡು ಇವ್ಳು" ಎಂದಳು. ನಾಳೆಗೆ ನುಂಗಲಿಲ್ಲ, ಮೈ ಕಾದಿತ್ತು, ಕತ್ತಿನ ಪಕ್ಕ ಗೋಲಿಯಷ್ಟು ಗಂಟು ಕೈಗೆ ಸಿಗುತ್ತಿತ್ತು. ಮೂರು ದಿನ ಸೊಣ್ಣಮ್ಮ ಗಂಜಿ ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಬೆನ್ನು ಸವರಿದಳು.

ಭಾನುಪ್ರಿಯಾಳಿಗೆ ಫೋನು ಮಾಡಬಹುದಿತ್ತು. ಹಿಂದೊಮ್ಮೆ ಕೆಮ್ಮಿಗೆಂದು ದೊಡ್ಡಪತ್ರೆ ರಸ ಕುಡಿಸಿ ಮಗು ವಾಂತಿ ಮಾಡಿಕೊಂಡಾಗ ಅವಳು ಇದೇ ಮೆತ್ತನೆಯ ದನಿಯಲ್ಲಿ, "ಇನ್ಮೇಲೆ ಏನೇ ಆದ್ರೂ ಫಸ್ಟ್ ನಂಗೆ ಫೋನ್ ಮಾಡ್ಬಿಡಿ ಅಕ್ಕ" ಎಂದಿದ್ದಳು. ಫೋನು ಗೂಡಿನಲ್ಲೇ ಇತ್ತು. ಸೊಣ್ಣಮ್ಮ ಅದರ ಕಡೆ ನೋಡಿದಳು, ನೋಡಿ ಸುಮ್ಮನಾದಳು. ಮಾಡಿದರೆ ಅವಳು ಬಸ್ಸಿಳಿದು ಓಡಿ ಬರುತ್ತಾಳೆ, ಮಗುವನ್ನು ಎತ್ತಿಕೊಳ್ಳುತ್ತಾಳೆ, ಮಗು ಅವಳ ಕತ್ತಿಗೆ ಜೋತುಬೀಳುತ್ತದೆ, ತಾನು ಮತ್ತೆ ಚೀಲ ಚಪ್ಪಲಿ ಹಿಡಿದುಕೊಂಡು ಬಾಗಿಲ ಹತ್ತಿರ. ಮಾಡದಿದ್ದರೆ ಈ ಮೂರು ದಿನ ಮಗು ತನ್ನದು. ಅದರ ಬಿಸಿ ಉಸಿರು, ಅದರ ಗೊಣಗಾಟ, ನೀರು ಬೇಕು ಎಂದು ಸನ್ನೆ ಮಾಡುವ ಕೈ, ಎಲ್ಲ ತನ್ನದು. ಮಗುವಿಗೆ ಹುಷಾರಿಲ್ಲದಿದ್ದ ಆ ದಿನಗಳಲ್ಲಿ ಅವಳು ಸುಖವಾಗಿದ್ದಳು. ಅದನ್ನು ಈಗ ಒಪ್ಪಿಕೊಳ್ಳುವಾಗ ಅವಳಿಗೆ ನಾಚಿಕೆಯಾಯಿತು, ಆದರೂ ಸುಳ್ಳಲ್ಲ. ಗಂಟಲು ವಾಸಿಯಾದ ದಿನ ಜಡೆ ಹಾಕುತ್ತ, "ಮಮ್ಮಿಗೆ ಹೇಳ್ಬೇಡ, ಬೈತಾಳೆ" ಎಂದಳು. "ನಿಂಗೆ ಬೈತಾಳಾ, ನಂಗಾ?" ಎಂದಿತು ಮಗು. "ನಂಗೆ." ಮಗು ಕನ್ನಡಿಯಲ್ಲಿ ಅವಳ ಮುಖ ನೋಡಿ, "ಹಂಗಾದ್ರೆ ಹೇಳಲ್ಲ" ಎಂದಿತು.

ರಕ್ತ ಕೊಟ್ಟು ಬಂದ ಮೇಲೆ ರಿಪೋರ್ಟಿಗಾಗಿ ಕಾಯುತ್ತ ಹೊರಗಿನ ಉದ್ದ ಬೆಂಚಿನಲ್ಲಿ ಕೂತರು. ಮಗು ಇಬ್ಬರ ಮೇಲೂ ಅಡ್ಡಲಾಗಿ ಮಲಗಿತು. ತಲೆ ಭಾನುಪ್ರಿಯಾಳ ತೊಡೆಯ ಮೇಲೆ, ಕಾಲು ಸೊಣ್ಣಮ್ಮನ ತೊಡೆಯ ಮೇಲೆ. ತಲೆ ಅವಳಿಗೆ, ಕಾಲು ತನಗೆ ಎಂದು ಸೊಣ್ಣಮ್ಮ ಮನಸ್ಸಿನಲ್ಲೇ ಪಾಲು ಮಾಡಿದಳು, ಆಸ್ತಿ ಪಾಲಾಗುವಾಗಲೂ ಮೈದುನನಿಗೆ ರಸ್ತೆ ಪಕ್ಕದ ಹೊಲ ಹೋಗಿ ತನ್ನ ಗಂಡನಿಗೆ ಕೆರೆಯಂಚು ಬಂದದ್ದು ನೆನಪಾಯಿತು. ಊದಿದ ಹರಡಿನ ಬಿಸಿ ಸೀರೆ ದಾಟಿ ತೊಡೆಗೆ ತಾಗುತ್ತಿತ್ತು. ಅವಳು ಡಬ್ಬಿ ತೆಗೆದಳು. "ನಿನ್ ಹಿತುಕಿದಬೇಳೆ ಐತೆ ನೋಡು, ಎರಡು ತುತ್ತು ತಿನ್ನು ಬಂಗಾರ" ಎಂದಳು. ಮಗು ಮೂಗು ಸಿಂಡರಿಸಿ ಬೇಡವೆಂದಿತು. ಸ್ವಲ್ಪ ಹೊತ್ತಿಗೆ ಭಾನುಪ್ರಿಯಾ ಬ್ಯಾಗಿನಿಂದ ಬಿಸ್ಕತ್ತು ತೆಗೆದು ಕೊಟ್ಟರೆ ಮಲಗಿಕೊಂಡೇ ಕಚ್ಚಿ ತಿಂದಿತು. ಜ್ವರದ ಬಾಯಿಗೆ ಬಿಸ್ಕತ್ತು ಹಗುರ, ಅವರೆ ಭಾರ, ಸೊಣ್ಣಮ್ಮನಿಗೆ ಅದು ತಿಳಿಯದ್ದಲ್ಲ. ತಿಳಿದೂ ಅವಳು ಡಬ್ಬಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿದಳು. ಭಾನುಪ್ರಿಯಾಳ ಫೋನು ಮತ್ತೆ ಮತ್ತೆ ಬಡಿದುಕೊಳ್ಳುತ್ತಿತ್ತು, ಗೋಡೌನಿನವರು. ಎತ್ತಲಿ, ಎತ್ತಿ ಆಚೆ ಹೋಗಲಿ, ಮಗುವಿಗಿಂತ ಕೆಲಸ ಹೆಚ್ಚಾಯಿತೇ ಎಂದು ಅಂದುಕೊಳ್ಳಲು ಒಂದು ದಾರಿಯಾಗಲಿ ಎಂದು ಸೊಣ್ಣಮ್ಮ ಕಾದಳು. ಭಾನುಪ್ರಿಯಾ ಪ್ರತಿ ಸಲವೂ ಕಟ್ ಮಾಡಿದಳು, ಕೊನೆಗೆ ಆಫ್ ಮಾಡಿ ಒಳಗಿಟ್ಟಳು.

"ಅಕ್ಕ" ಎಂದಳು ಆಮೇಲೆ. ಮಗು ಮಂಪರಿನಲ್ಲಿತ್ತು. "ನಾನು ಒಳಗಡೆ ಸರಿಯಾಗಿ ಹೇಳಿದ್ನಾ? ಹೆಂಗೆ ಅಷ್ಟು ಧೈರ್ಯವಾಗಿ ಹೇಳ್ಬಿಟ್ಟೆ ಅಂತ ಈಗ ಭಯ ಆಗ್ತೈತೆ. ನಾನು ಮನೇಲಿ ಇರೋದೇ ಕಮ್ಮಿ. ನಿಮಗೇನಾದ್ರೂ ಗೊತ್ತಾ, ಗಂಟಲು ನೋವು ಅಂತ ಏನಾದ್ರೂ ಅಂದಿದ್ಲಾ?" ಕೇಳಲಿ ಎಂದು ಸೊಣ್ಣಮ್ಮ ಎಷ್ಟು ವರ್ಷದಿಂದ ಕಾದಿದ್ದಳೋ ಅದು ಇದೇ. ಮಗುವಿನ ವಿಷಯ ಹೆತ್ತವಳು ಬಂದು ತನ್ನನ್ನು ಕೇಳಬೇಕು. ಕೇಳಿದಳು, ಅದೂ ಕಣ್ಣಲ್ಲಿ ನೀರು ತುಂಬಿಕೊಂಡು. ಆ ಕ್ಷಣ ಎಷ್ಟು ರುಚಿಯಾಗಿತ್ತೋ ಅದರ ಬೆನ್ನಿಗೇ ಅಷ್ಟು ಹೆದರಿಕೆ ಬಂತು. ಹೇಳಿದರೆ ಪಾಪಕ್ಕ ಬರುತ್ತಾಳೆ, ಗೂಡಿನಲ್ಲಿ ಕೂತಿದ್ದ ಫೋನು ಬರುತ್ತದೆ, ಹೇಳಬೇಡ ಎಂದು ಮಗುವಿನ ಬಾಯಿ ಕಟ್ಟಿದ್ದು ಬರುತ್ತದೆ. ನಾಳೆಯಿಂದ ಮಗು ಗೋಡೆಯ ಆಚೆ. ಯಾರೋ ಕೂಲಿಯವಳನ್ನು ಇಟ್ಟುಕೊಳ್ಳುತ್ತಾಳೆ, ಇಲ್ಲ ಸ್ಕೂಲಿನ ಪಕ್ಕದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮನೆ ಇದೆಯಂತೆ, ಅಲ್ಲಿ ಬಿಡುತ್ತಾಳೆ. "ಗಂಟಲು ನೋವಾ? ಇಲ್ಲಪ್ಪ. ಗಂಟಲು ನೋವು ಬಂದಿಲ್ಲ" ಎಂದಳು ಸೊಣ್ಣಮ್ಮ. ಗಂಟಲು ನೋವು ಎಂಬ ಮಾತನ್ನು ಒತ್ತಿಯೇ ಹೇಳಿದಳು. ಅವರು ಕೇಳಿದ್ದು ಅದು. ಬಿದ್ದದ್ದು ಕಿರುನಾಲಿಗೆ. ಸುಳ್ಳು ಹೇಳಿದ ಹಾಗಾಗಲಿಲ್ಲ ಎಂದು ಅವಳು ತನಗೆ ತಾನೇ ಎರಡು ಸಲ ಹೇಳಿಕೊಂಡಳು. ಭಾನುಪ್ರಿಯಾ ಉಸಿರು ಬಿಟ್ಟು, "ಸದ್ಯ. ನೀವಿದ್ದೀರ ಅಂತಾನೇ ಅಕ್ಕ ನಾನು ಕೆಲ್ಸಕ್ಕೆ ಹೋಗೋದು" ಎಂದಳು. ಆ ಮಾತಿನಲ್ಲಿ ಇದ್ದದ್ದು ನಂಬಿಕೆಯೇ. ಆದರೆ ಸೊಣ್ಣಮ್ಮನ ಮನಸ್ಸು ಅದನ್ನೂ ತಿರುಚಿ ಹಿಡಿಯಿತು: ಹೌದು ಮತ್ತೆ, ಸಂಬಳವಿಲ್ಲದ ಆಳು.

ಡಾಕ್ಟರು ಕರೆದರು. ರಿಪೋರ್ಟು ಅವರ ಕೈಯಲ್ಲಿತ್ತು, ಅವರ ಮುಖದಲ್ಲಿ ಏನೂ ಇರಲಿಲ್ಲ. "ಎ.ಎಸ್.ಓ. ಗಡಿ ಮೇಲೆ ನಿಂತಿದೆಯಮ್ಮ. ಹೌದು ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ಕೆಲವು ಮಕ್ಕಳಿಗೆ ಅದು ಸರಿಯಾಗಿ ಏರೋದೇ ಇಲ್ಲ. ಇನ್ನೊಂದು ಟೆಸ್ಟು ಬೆಂಗಳೂರಿಗೆ ಕಳಿಸೋಣ, ಡಿ.ಎನ್.ಏಸ್. ಬಿ ಅಂತ." ಸೊಣ್ಣಮ್ಮನಿಗೆ ಕೇಳಿಸಿದ್ದು ಡಿ.ಎನ್.ಎ. ಆ ಹೆಸರು ಅವಳಿಗೆ ಚೆನ್ನಾಗಿ ಗೊತ್ತು. ದಿನಾ ಸಂಜೆಯ ಧಾರಾವಾಹಿಯಲ್ಲಿ ಅದನ್ನು ಮಾಡಿಸಿಯೇ ಮಗು ಯಾರದು ಎಂದು ಪತ್ತೆ ಮಾಡಿದ್ದರು, ಸಾಕಿದವಳು ಮೂಲೆಯಲ್ಲಿ ನಿಂತು ಅತ್ತಿದ್ದಳು. ಅವಳ ಬಾಯಿಂದ ತಡೆಯುವ ಮೊದಲೇ ಮಾತು ಹೊರಬಿತ್ತು. "ಡಿ.ಎನ್.ಎ. ಯಾಕ್ ಸಾರ್? ತಾಯಿ ಯಾರು ಅಂತ ಎಲ್ಲಾರ್ಗೂ ಗೊತ್ತೈತಲ್ಲ!" ಡಾಕ್ಟರು ಒಂದು ಕ್ಷಣ ಅರ್ಥವಾಗದೆ ನೋಡಿ ಆಮೇಲೆ ನಕ್ಕರು. ಸೀಸೆ ಹಿಡಿದು ನಿಂತಿದ್ದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟು ಸಂಕಟದಲ್ಲೂ ಭಾನುಪ್ರಿಯಾಳ ತುಟಿ ಸ್ವಲ್ಪ ಅರಳಿತು. "ಅದಲ್ಲಮ್ಮ, ಇದು ಬೇರೆ. ಇದೂ ಆ ಗಂಟಲಿನ ಕೀಟಾಣುವಿನ ಗುರುತು ಹುಡುಕೋದೇ" ಎಂದರು ಡಾಕ್ಟರು. ಸೊಣ್ಣಮ್ಮನ ಕಿವಿ ಕಾದವು. ಇಷ್ಟು ವರ್ಷ ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟುಕೊಂಡಿದ್ದನ್ನು ತಾನೇ ಬಯಲಲ್ಲಿ ಬಿಚ್ಚಿ ಹರವಿದ ಹಾಗಾಯಿತು. ಅವರಿಗೆ ಅದು ಬರೀ ತಮಾಷೆಯಾಗಿ ಕಂಡಿತಲ್ಲ ಎಂಬುದೊಂದು ಸಮಾಧಾನ, ಅದೇ ಇನ್ನೂ ದೊಡ್ಡ ಅವಮಾನ.

"ವಿಷಯ ಇಷ್ಟೇ" ಎಂದರು ಡಾಕ್ಟರು, ನಗು ನಿಲ್ಲಿಸಿ. "ಆ ರಿಪೋರ್ಟ್ ಬರೋಕೆ ದಿನಗಳಾಗುತ್ತೆ. ಎದೆಯಲ್ಲಿ ನಂಗೆ ಒಂದು ಸಣ್ಣ ಸದ್ದು ಕೇಳ್ತಾ ಇದೆ, ಅದು ಸುಮ್ನೆ ಜ್ವರದ್ದೂ ಇರಬಹುದು. ಸ್ಕ್ಯಾನಿಂಗಿಗೆ ಬರೀತೀನಿ. ಗಂಟಲಿಗೆ ಬಂದು ಹೋಗಿದೆ ಅಂತ ಗ್ಯಾರಂಟಿ ಆದ್ರೆ ನಾನು ಯಾವ ರಿಪೋರ್ಟಿಗೂ ಕಾಯಲ್ಲ, ಇವತ್ತೇ ಇಂಜೆಕ್ಷನ್ ಶುರು. ಮೂರು ವಾರಕ್ಕೊಂದರ ಹಾಗೆ ವರ್ಷಗಟ್ಟಲೆ ಹಾಕಬೇಕು, ಯಾಕಂದ್ರೆ ಇನ್ನೊಂದು ಸಲ ಅದೇ ಗಂಟಲು ನೋವು ಬಂದ್ರೆ ಹೃದಯ ತಡೆಯಲ್ಲ. ಬಂದೇ ಇಲ್ಲ ಅಂದ್ರೆ ಸುಮ್ಮನೆ ಅಷ್ಟು ವರ್ಷ ಸೂಜಿ ಚುಚ್ಚೋದು ಹೆಂಗೆ? ಅದಕ್ಕೇ ಮತ್ತೆ ಕೇಳ್ತಿದ್ದೀನಿ." ಭಾನುಪ್ರಿಯಾ ತಲೆ ಅಲ್ಲಾಡಿಸಿದಳು. "ಇಲ್ಲ ಸಾರ್. ಅಕ್ಕನ್ನೂ ಕೇಳ್ದೆ." ಡಾಕ್ಟರು ಮಗುವಿನ ಗಲ್ಲ ಹಿಡಿದು, "ನೀನೇ ಹೇಳು ಪುಟ್ಟಿ, ಗಂಟಲು ನೋವು ಬಂದಿತ್ತಾ? ನುಂಗಕ್ಕೆ ಕಷ್ಟ ಆಗಿತ್ತಾ?" ಎಂದರು.

ಮಗು ತಾಯಿಯ ಕಡೆ ನೋಡಲಿಲ್ಲ. ತಾಯಿಯ ತೊಡೆಯ ಮೇಲೆ ಕೂತು, ಬಾಗಿಲ ಹತ್ತಿರ ನಿಂತಿದ್ದ ಸೊಣ್ಣಮ್ಮನ ಕಡೆ ನೋಡಿತು. ಜ್ವರದಿಂದ ಹೊಳೆಯುತ್ತಿದ್ದ ಕಣ್ಣು. ಕನ್ನಡಿಯಲ್ಲಿ ಅವತ್ತು ನೋಡಿದ್ದ ಹಾಗೇ ನೋಡಿ, "ಇಲ್ಲ" ಎಂದಿತು. ಹೇಳಿದ ಮೇಲೂ ಕಣ್ಣು ಕೀಳಲಿಲ್ಲ. ನೋಡು, ನಾನು ಹೇಳಲ್ಲ, ನಿಂಗೆ ಬೈಸಲ್ಲ ಎಂದು ಆ ಕಣ್ಣು ಹೇಳುತ್ತಿತ್ತು. ಸೊಣ್ಣಮ್ಮನ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷವೇ. ಮಗು ತನ್ನ ಪಕ್ಷ. ಹೆತ್ತವಳ ತೊಡೆಯ ಮೇಲೆ ಕೂತೂ ತನ್ನ ಪಕ್ಷ. ದೊಡ್ಡಮ್ಮ ಎಂದು ಪಾಠ ಹೇಳಿಸಿದ ದಿನದಿಂದ ಬೇಕು ಬೇಕು ಎಂದು ಒಳಗೇ ಗೋಗರೆಯುತ್ತಿದ್ದುದು ಒಂದೇ ಮಾತಿನಲ್ಲಿ ಅವಳ ಮಡಿಲಿಗೆ ಬಿದ್ದಿತ್ತು. ಡಾಕ್ಟರು ನಿಟ್ಟುಸಿರು ಬಿಟ್ಟು, ಮತ್ತೊಮ್ಮೆ ನೋಡೋಣ ಎಂದು ಫ್ರಾಕಿನ ಗುಂಡಿ ಬಿಚ್ಚಿ ಎದೆಗೆ ಬಿಲ್ಲೆ ಇಟ್ಟರು. ಪಕ್ಕೆಲುಬುಗಳ ನಡುವೆ ತೆಳ್ಳಗಿನ ಚರ್ಮ ಪಟಪಟ ಏಳುತ್ತಿತ್ತು, ಬೀಳುತ್ತಿತ್ತು. ಆ ಚರ್ಮಕ್ಕೆ ದಿನವೂ ಎಣ್ಣೆ ತಿಕ್ಕಿದವಳು ತಾನು. ಆ ಮಗು ದೊಡ್ಡಮ್ಮನನ್ನು ಉಳಿಸಲು ತನ್ನ ಎದೆಯನ್ನೇ ಅಡ್ಡ ಒಡ್ಡಿಕೊಂಡು ಕೂತಿದೆ ಎಂಬುದು ಸೊಣ್ಣಮ್ಮನಿಗೆ ಆಗ ಕಂಡಿತು.

"ಕಿರ್ನಾಲ್ಗೆ ಬಿದ್ದಿತ್ತು" ಎಂದಳು.

"ಏನು?" ಎಂದರು ಡಾಕ್ಟರು, ಕಿವಿಯಿಂದ ಕೊಳವೆ ತೆಗೆದು. ಕಿರುನಾಲಿಗೆ ಬೀಳುವುದೆಂದರೆ ಏನೆಂದು ಅವರಿಗೆ ತಿಳಿದಂತೆ ಕಾಣಲಿಲ್ಲ. ಭಾನುಪ್ರಿಯಾಳಿಗೆ ತಿಳಿಯಿತು. ಅವಳೂ ಹಳ್ಳಿಯಲ್ಲೇ ಬೆಳೆದವಳು, ಅವಳ ನೆತ್ತಿಯ ಕೂದಲನ್ನೂ ಯಾರೋ ಜಗ್ಗಿರುತ್ತಾರೆ. ಅವಳು ನಿಧಾನವಾಗಿ ತಿರುಗಿದಳು. "ಹೋದ ತಿಂಗ್ಳು. ಕಾರ್ತೀಕದಲ್ಲಿ. ನುಂಗಕ್ ಆಗ್ತಿರ್ಲಿಲ್ಲ ಸಾರ್. ಪಾಪಕ್ಕನ ಕೈಲಿ ಎತ್ತುಸ್ದೆ." ಆಮೇಲೆ ಪ್ರಶ್ನೆಗಳೆಲ್ಲ ಸೊಣ್ಣಮ್ಮನ ಕಡೆಗೇ ಬಂದವು. ಜ್ವರ ಇತ್ತಾ? ಇತ್ತು, ಮೈ ಸುಡ್ತಿತ್ತು. ಎಷ್ಟು ದಿನ? ಮೂರು ದಿನ. ಒಳಗೆ ಕೆಂಪಗಿತ್ತಾ? ಕೆಂಪಗಿತ್ತು, ಬಿಳಿ ಚುಕ್ಕೆನೂ ಇತ್ತು. ಕತ್ತಿನ ಹತ್ರ ಗಂಟು? ಇತ್ತು ಸಾರ್, ಈ ಪಕ್ಕ, ಗೋಲಿ ಗಾತ್ರ. ಕೆಮ್ಮು ನೆಗಡಿ? ಇರ್ಲಿಲ್ಲ. ಒಂದಕ್ಕೂ ಅವಳು ತಡವರಿಸಲಿಲ್ಲ. ಆ ಕೋಣೆಯಲ್ಲಿ ಮಗುವನ್ನು ಬಲ್ಲವಳು ಯಾರು ಎಂದು ಆಗ ಎಲ್ಲರಿಗೂ ಗೊತ್ತಾಗುತ್ತಿತ್ತು. ಅಳು ಬರುತ್ತಿದ್ದ ಆ ಹೊತ್ತಿನಲ್ಲೂ ಸೊಣ್ಣಮ್ಮನೊಳಗೆ ಎಲ್ಲೋ ಒಂದು ಮೂಲೆ ಅದಕ್ಕೆ ಹಿಗ್ಗಿತು. ಎಂಥವಳು ನಾನು ಎಂದು ಅವಳಿಗೇ ಅಸಹ್ಯವಾಯಿತು.

"ಅದೇ ಕಣಮ್ಮ ಗಂಟಲು ನೋವು" ಎಂದರು ಡಾಕ್ಟರು. ಬೈಯಲಿಲ್ಲ. ಬೈಯುವಷ್ಟು ಬಿಡುವು ಅವರಿಗಿರಲಿಲ್ಲ, ಆಗಲೇ ಚೀಟಿ ಬರೆಯುತ್ತಿದ್ದರು. "ಈಗಾದ್ರೂ ಹೇಳಿದ್ರಲ್ಲ. ಆ ಟೆಸ್ಟಿಗೂ ಕಳಿಸೋಣ, ಸ್ಕ್ಯಾನಿಂಗೂ ಆಗ್ಲಿ. ಇಂಜೆಕ್ಷನ್ ಇವತ್ತೇ." ಮಗು ಸೊಣ್ಣಮ್ಮನನ್ನೇ ನೋಡುತ್ತಿತ್ತು. ಅದರ ಕೆಳತುಟಿ ನಡುಗಲು ಶುರುವಾಗಿತ್ತು. "ನೀನೇ ಹೇಳ್ಬೇಡ ಅಂದಿದ್ದೆ" ಎಂದಿತು, ಎಲ್ಲರಿಗೂ ಕೇಳುವ ಹಾಗೆ. "ನಾನು ಹೇಳ್ಲಿಲ್ಲ. ನೀನೇ ಹೇಳ್ಬಿಟ್ಟೆ." ಭಾನುಪ್ರಿಯಾ ಅದನ್ನೂ ಕೇಳಿಸಿಕೊಂಡಳು. ಮಗುವಿನ ಫ್ರಾಕಿನ ಗುಂಡಿಗಳನ್ನು ಮೇಲಿನಿಂದ ಕೆಳಗೆ ಹಾಕಿದಳು, ಎತ್ತಿ ಭುಜಕ್ಕೆ ಹಾಕಿಕೊಂಡಳು, ಸೊಣ್ಣಮ್ಮನನ್ನು ದಾಟಿ ಹೊರಗೆ ನಡೆದಳು. ಜಾಗ ಬಿಡಿ ಅಕ್ಕ ಎಂದು ಕೂಡ ಅನ್ನಲಿಲ್ಲ. ಸೊಣ್ಣಮ್ಮ ತಾನಾಗಿಯೇ ಗೋಡೆಗೆ ಒತ್ತಿಕೊಂಡಳು.

ಇಂಜೆಕ್ಷನ್ ಕೋಣೆಯ ಬಾಗಿಲಿಗೆ ಹಸಿರು ಪರದೆ. ಮೊದಲು ಕೈಗೆ ಒಂದು ಚಿಕ್ಕ ಸೂಜಿ ಹಾಕಿ, ಒಗ್ಗುತ್ತದೋ ಇಲ್ಲವೋ ನೋಡಿ, ಆಮೇಲೆ ದೊಡ್ಡದು ಎಂದರು. ದೊಡ್ಡದು ಗಟ್ಟಿ ಔಷಧಿ, ಸೊಂಟಕ್ಕೆ, ಬಹಳ ನೋಯುತ್ತದೆ, ಇಬ್ಬರು ಹಿಡಿದುಕೊಳ್ಳಿ ಎಂದಳು ನರ್ಸು. ಸೊಣ್ಣಮ್ಮ ಎದ್ದು ಎರಡು ಹೆಜ್ಜೆ ಇಟ್ಟಳು. "ದೊಡ್ಡಮ್ಮ ಬೇಡ" ಎಂದಿತು ಮಗು ಭುಜದಿಂದ ಮುಖ ಎತ್ತದೆ, "ಮಮ್ಮಿ ಸಾಕು." ನರ್ಸು ರಕ್ತ ತೆಗೆಯುವ ಹುಡುಗಿಯನ್ನು ಕೂಗಿ ಕರೆದುಕೊಂಡಳು. ಸೊಣ್ಣಮ್ಮ ಬೆಂಚಿಗೆ ವಾಪಸು ಬಂದು ಕೂತಳು. ಪಕ್ಕದಲ್ಲಿ ಚೀಲ, ಚೀಲದಲ್ಲಿ ಆರಿದ ಅನ್ನದ ಡಬ್ಬಿ, ಕಾಲ ಹತ್ತಿರ ಮಗುವಿನ ಚಪ್ಪಲಿ ಜೋಡಿ. ಅವುಗಳನ್ನು ನೇರ ಮಾಡಿ ಇಟ್ಟಳು. ಮೂರು ವಾರಕ್ಕೊಂದು ಸೂಜಿ, ವರ್ಷಗಟ್ಟಲೆ. ಅಷ್ಟೂ ಸಲ ಯಾರು ಕರೆತರುತ್ತಾರೆ, ಯಾರು ಕೈ ಹಿಡಿದುಕೊಳ್ಳುತ್ತಾರೆ ಎಂದು ಅವಳು ಕೇಳುವ ಹಾಗಿರಲಿಲ್ಲ. ಇವತ್ತಿನಿಂದ ಯಾವುದನ್ನೂ ಅವಳು ಕೇಳುವ ಹಾಗಿರಲಿಲ್ಲ. ಮಗು ಬದುಕಲಿ, ಆಚೆ ಮನೆಯಲ್ಲೇ ಇರಲಿ, ಗೋಡೆಯ ಈಚೆಯಿಂದ ಅದರ ದನಿ ಕೇಳಿದರೆ ಸಾಕು ಎಂದುಕೊಂಡಳು. ಅಂದುಕೊಂಡದ್ದು ನಿಜವೋ, ನಿಜವೆಂದು ತನಗೆ ತಾನೇ ಹೇಳಿಕೊಂಡದ್ದೋ ಅವಳಿಗೆ ಖಾತ್ರಿಯಿರಲಿಲ್ಲ.

ಒಳಗಿನಿಂದ ಕೂಗು ಬಂತು. "ಅಮ್ಮಾ!" ಎಂದು ಮಗು ಚೀರಿತು, "ಅಮ್ಮಾ! ಅಮ್ಮಾ!" ಮಮ್ಮಿ ಎನ್ನಲಿಲ್ಲ. ಸೊಣ್ಣಮ್ಮ ಆಗಲೇ ಎದ್ದು ನಿಂತಿದ್ದಳು. ಪರದೆ ಅರ್ಧ ಸರಿದಿತ್ತು. ಮಗುವಿನ ಎರಡೂ ಕೈಗಳನ್ನು ಎದೆಗೆ ಅವಚಿ ಹಿಡಿದಿದ್ದ ಭಾನುಪ್ರಿಯಾ ತಲೆ ತಿರುಗಿಸಿ, ಪರದೆಯ ಸಂದಿಯಿಂದ ಅವಳನ್ನೇ ನೋಡಿದಳು. ಕೋಪವಿರುತ್ತದೆ ಎಂದು ಸೊಣ್ಣಮ್ಮ ಹೆದರಿದ್ದಳು. ಕೋಪವಲ್ಲ. ಅದು ಅವಳಿಗೆ ತುಂಬ ಪರಿಚಯದ ನೋಟ, ಇಷ್ಟು ವರ್ಷ ತಾನೇ ಒಳಗೆ ಸಾಕಿಕೊಂಡು ಬಂದದ್ದು, ಇನ್ನೊಬ್ಬರ ಮುಖದಲ್ಲಿ ಈಗ ಮೊದಲ ಸಲ ಕಂಡದ್ದು. ನೋವಾದರೆ ಎಲ್ಲ ಮಕ್ಕಳೂ ಹಾಗೇ ಕೂಗೋದು ಭಾನು, ಅದು ನನ್ನನ್ನಲ್ಲ ಎಂದು ಹೇಳಬಹುದಿತ್ತು. ಆ ಮಾತು ನಿಜವೂ ಆಗಿತ್ತು, ಅದನ್ನು ಹೇಳಲು ಒಂದು ಉಸಿರು ಸಾಕಿತ್ತು.

ಸೊಣ್ಣಮ್ಮ ಹೇಳಲಿಲ್ಲ.